ಒಂದು ಬೆಲ್, ಎರಡು ಬೆಲ್

೧೪ ಜುಲೈ ೨೦೦೮, ಸೋಮವಾರ

ಮತ್ತೆ ಬೆಲ್ಲಿನ ಸೆಲ್ ಢಮಾರ್. ಹಾಕಿ ಹತ್ತು ದಿನ ಆಗಿಲ್ಲ.

ಅಮ್ಮ ಹಿಂದುಗಡೆ ಬಟ್ಟೆ ಒಗೀತಾ ಇದ್ಳಂತೆ. ಅಪ್ಪ ಬೆಲ್ ಪ್ಯಾಡ್ ಮೇಲೆ ಬೆರಳಿಟ್ಟು ಕಾದಿದ್ದಾರೆ, ಕಾದಿದ್ದಾರೆ... ಬೆಲ್ ಸತ್ತಿದೆ. ಹಾಸಿಗೆ ಎಲ್ಲಾ ಒದ್ದೆ. ನಾನು ಬಂದಾಗ ಅಪ್ಪನ ಕಣ್ಣು ಗೋಡೆ ಕಡೆ.

ಅಪ್ಪನಿಗೆ ನರದ ಕಾಯಿಲೆ. ಮಾತು ಹೋಗಿ ವರ್ಷದ ಮೇಲಾಯ್ತು. ಕಣ್ಣು ಬಿಟ್ರೆ ಈಗ ಅಲ್ಲಾಡೋದು ಬಲಗೈ ತೋರುಬೆರಳೊಂದೇ. ಮಾಮೂಲಿ ಸ್ವಿಚ್ ಒತ್ತೋ ಶಕ್ತಿಯೂ ಇಲ್ಲ. ಅದಕ್ಕೇ ಆಫೀಸಿನ ಟಚ್ ಚಿಪ್ ಹಾಕಿ ಈ ಪ್ಯಾಡ್ ಮಾಡಿಕೊಟ್ಟಿದ್ದು. ಒತ್ತೋದೇ ಬೇಡ, ಬೆರಳು ತಗುಲಿದ್ರೆ ಸಾಕು. ಆದ್ರೆ ಚಿಪ್ಪು ಹಗಲೂ ರಾತ್ರಿ ಮುಟ್ಟಿದ್ರಾ, ಮುಟ್ಟಿದ್ರಾ ಅಂತ ನೋಡ್ತಾನೇ ಇರುತ್ತೆ. ಸೆಲ್ ಎಲ್ಲಾ ಕುಡಿದು ಹಾಕುತ್ತೆ. ಅಡಾಪ್ಟರ್ ಹಾಕೋಣ ಅಂದ್ರೆ ವಿಜಯನಗರದ ಪವರ್ ಕಟ್. ಸ್ಲೀಪ್ ಮೋಡ್ ಹಾಕಲೇಬೇಕು.

೧೬ ಜುಲೈ

ಹಾಕಿದೆ. ಆಫೀಸಲ್ಲಿ ಟಿವಿ ರಿಮೋಟಿಗೆ ಬರೆದ ಕೋಡೇ. ಅಲ್ಲಿ ಬಾಸ್ ಚಕ್ರಪಾಣಿ ಸಾರ್‌ದು ಒಂದೇ ಜಪ — "ಎರಡು ಸೆಲ್ ಒಂದು ವರ್ಷ ಬರ್ಬೇಕು ಕಣಮ್ಮಾ ನೀಲಾ." ಯಾರೂ ಮುಟ್ಟದೇ ಇದ್ರೆ ಚಿಪ್ಪು ಮಲಗುತ್ತೆ. ಆಗಾಗ ಒಂದು ಕಣ್ಣು ಬಿಟ್ಟು ನೋಡುತ್ತೆ, ಮತ್ತೆ ಮಲಗುತ್ತೆ. ಮೇಜಿನ ಮೇಲೆ ಟೆಸ್ಟ್ ಮಾಡಿದೆ. ಫಸ್ಟ್ ಕ್ಲಾಸ್.

ಅಪ್ಪನಿಗೆ ಮತ್ತೊಂದ್ಸಲ ಹೇಳಿದೆ. ಹೇಳೋದೇನು, ಅವರದೇ ರೂಲು. ಬಸ್ ಕಂಡಕ್ಟರ್ ಶಂಭುಲಿಂಗಪ್ಪ! ಒಂದು ಬೆಲ್ ಅಂದ್ರೆ ನಿಲ್ಸು, ಎರಡು ಅಂದ್ರೆ ರೈಟ್ ರೈಟ್. ಮನೇಲೂ ಹಾಗೇ. ಒಂದಾದ್ರೆ ಬನ್ನಿ. ಎರಡಾದ್ರೆ ಏನಿಲ್ಲ, ನಿಮ್ ಕೆಲಸ ನೋಡ್ಕೊಳ್ಳಿ.

೨೧ ಜುಲೈ

ಮನೆಗೆ ಕಾಲಿಡ್ತಿದ್ದಂಗೆ ಅಮ್ಮನ ರಾಮಾಯಣ. "ಬೇಕಾದಾಗ ಹೊಡಿಯೋದೇ ಇಲ್ಲ ಕಣೇ. ಏನಾದ್ರೂ ಬೇಕಾ ಅಂತ ಇಲ್ಲಿಂದ ಕೂಗಿದ್ರೆ ಒಂದು ಹೊಡೀತಾರೆ. ಓಡಿ ಹೋದ್ರೆ ಏನೂ ಬೇಡ ಅನ್ನೋ ಹಾಗೆ ನೋಡ್ತಾರೆ. ಹಾಲು ಉಕ್ಕಿ ಹೋಯ್ತು. ನಾನೇನು ಕಲ್ಲಾ?"

ಬೈದ್ಳಂತೆ. ಯಾಕ್ರೀ ಹಿಂಗೆ ಗೋಳು ಹೊಯ್ಕೋತೀರಾ ಅಂತ. ಅಪ್ಪ ಕಣ್ಣು ಮುಚ್ಚಿದವರು ಸಂಜೆವರೆಗೂ ಬಿಟ್ಟಿಲ್ಲ.

೨೨ ಜುಲೈ

ಥೂ, ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ!

ಆಫೀಸಿಗೆ ಹೋಗೋ ಬಸ್ಸಲ್ಲಿ ಹೊಳೀತು. ಮಲಗಿರೋ ಚಿಪ್ಪಿಗೆ ಮೊದಲನೇ ಮುಟ್ಟು ಬರೀ ಎಬ್ಬಿಸೋದಕ್ಕೆ. ಎರಡನೇದು ಕೆಲಸಕ್ಕೆ. ಅಪ್ಪ ಒಂದು ಹೊಡೆದ್ರೆ ಚಿಪ್ಪು ನುಂಗಿಬಿಡುತ್ತೆ. ಎರಡು ಹೊಡೆದ್ರೆ ಒಂದು ಕೇಳುತ್ತೆ. ಪಾಪ ಅವರು ಸರಿಯಾಗೇ ಹೊಡೀತಿದ್ರು, ಪ್ರತಿ ಸಲ. ರಿಮೋಟ್ ಆದ್ರೆ ಜನ ಬೈಕೊಂಡು ಇನ್ನೊಂದ್ಸಲ ಮುಟ್ತಾರೆ. ಅಪ್ಪ ಒಂದ್ಸಲ ಬೆರಳೆತ್ತಿ ಇಡೋಕೇ ಎಷ್ಟು ಒದ್ದಾಡ್ತಾರೆ. ನಾನು ಟೆಸ್ಟ್ ಮಾಡುವಾಗ ಪಟಪಟ ಮುಟ್ತಾನೇ ಇದ್ದೆ, ಚಿಪ್ಪಿಗೆ ಮಲಗೋಕೆ ಪುರುಸೊತ್ತೆಲ್ಲಿ?

ಸ್ಲೀಪ್ ಮೋಡ್ ಕಿತ್ತು ಹಾಕಿದೆ. ಸೆಲ್ ಹಾಳಾಗಿ ಹೋಗ್ಲಿ. ಪ್ರತಿ ಭಾನುವಾರ ಬದಲಾಯಿಸ್ತೀನಿ.

ಅಮ್ಮ ಅಪ್ಪನ ಪಕ್ಕ ಕೂತು, "ನಂದೇ ತಪ್ಪಾಯ್ತು ರೀ" ಅಂದ್ಳು. ಅಪ್ಪ ಎರಡು ಬೆಲ್ ಹೊಡೆದ್ರು. ರೈಟ್ ರೈಟ್. ಮೂರೂ ಜನ ಅತ್ವಿ... ನಕ್ವಿ ಕೂಡ.

೧೫ ಸೆಪ್ಟೆಂಬರ್

ಬೆರಳು ಪೂರ್ತಿ ಎತ್ತಿ ಇಡೋಕೂ ಆಗ್ತಿಲ್ಲ ಈಗ. ಇಟ್ಟಿದ್ದು ಇಟ್ಟ ಹಾಗೇ. ಬೆರಳು ಸುಮ್ಮನೆ ಅಲ್ಲೇ ಇದ್ರೆ ಚಿಪ್ಪು ಸ್ವಲ್ಪ ಹೊತ್ತು ನೋಡಿ, ಓ ಇದು ಇರೋದೇ ಹೀಗೆ ಅಂತ ತೀರ್ಮಾನ ಮಾಡಿಬಿಡುತ್ತೆ. ಆಮೇಲೆ ಬೆರಳಿದ್ದೂ ಇಲ್ಲದ ಹಾಗೆ.

ಸರಿ, ಹಾಗೇ ಇರ್ಲಿ ಅಂತ ಕೋಡ್ ತಿರುಗಾ ಮುರುಗಾ ಮಾಡಿದೆ. ಅಪ್ಪನ ಕೈ ಯಾವಾಗ್ಲೂ ಪ್ಯಾಡ್ ಮೇಲೇ ಇರುತ್ತೆ. ಬೆರಳು ಒಂಚೂರು ಮೇಲೆದ್ರೆ ಸಾಕು, ಬೆಲ್.

ಚಕ್ರಪಾಣಿ ಸಾರ್ ನೋಡಿ, "ಇದು ಸಿಕ್ಕಾಪಟ್ಟೆ ಕರೆಂಟ್ ತಿನ್ನುತ್ತಲ್ಲಮ್ಮಾ" ಅಂದ್ರು. ತಿನ್ಲಿ ಬಿಡಿ ಸಾರ್ ಅಂದೆ, ಸ್ವಲ್ಪ ಜೋರಾಗೇ. ಸಂಜೆ ನೋಡಿದ್ರೆ ನನ್ನ ಬ್ಯಾಗಲ್ಲಿ ಒಂದು ಡಬ್ಬಿ ಹೊಸ ಸೆಲ್.

೨೮ ಅಕ್ಟೋಬರ್, ದೀಪಾವಳಿ

ಬೀದಿ ತುಂಬಾ ಪಟಾಕಿ. ನಮ್ಮನೇಲಿ ಸದ್ದಿಲ್ಲ. ಬೆಲ್ಲೂ ಇಲ್ಲ.

ಈಗೀಗ ಅಪ್ಪ ನಮ್ಮನ್ನ ಕರೆಯೋದೇ ಇಲ್ಲ. ನಾನು ಆಫೀಸಿಗೆ ಹೊರಡುವಾಗ ಮಾತ್ರ ಎರಡು ಹೊಡೀತಾರೆ, ಹೋಗಿ ಬಾ ಅಂತ. ಅದಕ್ಕೋಸ್ಕರ ಇಡೀ ದಿನದ ಶಕ್ತಿ ಕೂಡಿಟ್ಟಿರ್ತಾರೆ ಅನ್ಸುತ್ತೆ. ಇವತ್ತು ರಜ, ಅದೂ ಇಲ್ಲ.

ಅಮ್ಮ ಅಡುಗೆಮನೇಲಿ ಮಿಕ್ಸಿ ಹಾಕೋದೇ ಬಿಟ್ಟಿದ್ದಾಳೆ. ಆ ಗಲಾಟೇಲಿ ಬೆಲ್ ಕೇಳಿಸದೇ ಹೋದ್ರೆ ಅಂತ. ಚಟ್ನಿ ಒರಳಲ್ಲಿ.

೧೦ ನವೆಂಬರ್

ಬೆಳಿಗ್ಗೆ ಹೊರಡುವಾಗ ಒಂದೇ ಬೆಲ್. ಓಡಿ ಬಂದೆ. ಏನಪ್ಪಾ? ಕಣ್ಣು ಪ್ಯಾಡ್ ಕಡೆ, ನನ್ನ ಕಡೆ... ಎರಡನೇದು ಹೊಡಿಯೋಕೆ ಆಗಿಲ್ಲ, ಅಷ್ಟೇ.

ಬಸ್ ಸ್ಟಾಪಲ್ಲಿ ಎಲ್ಲರ ಮುಂದೇನೇ ಅತ್ತೆ.

೪ ಡಿಸೆಂಬರ್

ಇವತ್ತಾದ್ರೂ ಬರೀಬೇಕು.

ಹೋದ ತಿಂಗಳು ೨೩ನೇ ತಾರೀಕು, ಭಾನುವಾರ ಬೆಳಿಗ್ಗೆ. ಅಮ್ಮ ಕಾಫಿಗೆ ಹಾಲಿಟ್ಟಿದ್ಳು. ನಾನು ಸೆಲ್ ಬದಲಾಯಿಸೋಕೆ ಅಪ್ಪನ ರೂಮಿಗೆ ಹೋದೆ. ಅಪ್ಪಾ, ಸೆಲ್ ಹಾಕ್ತೀನಿ ಅಂದೆ. ಕೈ ಮುಟ್ಟಿದೆ. ತಣ್ಣಗಿತ್ತು. ಮುಖ ನೋಡಿದೆ. ಗೊತ್ತಾಯ್ತು.

ಆ ಕೈನ ನನ್ನ ಎರಡೂ ಕೈಯಲ್ಲಿ ತಗೊಂಡೆ. ಪ್ಯಾಡ್ ಮೇಲಿಂದ ಎತ್ತಿಬಿಟ್ಟೆ.

ಬೆಲ್ ಹೊಡೀತು. ಒಂದು.

"ಬಂದೇ ರೀ!" ಅಂದ್ಳು ಅಮ್ಮ, ಅಡುಗೆಮನೆಯಿಂದ. ಎಷ್ಟೋ ದಿನದ ಮೇಲೆ ಕರೆದಿದ್ದಾರಲ್ಲ... ಎಂಥಾ ಖುಷಿ ಆ ದನೀಲಿ. ಸ್ಟವ್ ಆರಿಸಿದ್ದು ಕೇಳಿಸ್ತು. ಬಳೆ ಸದ್ದು ಕೇಳಿಸ್ತು.

ಎರಡು ಬೆಲ್ ಹೊಡೀಬೇಕು ಅನ್ನಿಸ್ತು ನನಗೆ. ಏನಿಲ್ಲ, ನಿನ್ನ ಕೆಲಸ ನೋಡ್ಕೋ ಅಂತ. ಇನ್ನೊಂದೇ ಒಂದು ನಿಮಿಷ ಅವಳು ಅಲ್ಲೇ, ಹಾಲಿನ ಹತ್ರಾನೇ ಇರ್ಲಿ ಅಂತ. ಅಪ್ಪನ ಬೆರಳು ಹಿಡಿದು ಪ್ಯಾಡ್ ಮೇಲೆ ಇಟ್ಟೆ, ಎತ್ತಿದೆ, ಮತ್ತೆ ಇಡೋ ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ, ಸೆರಗಿಗೆ ಕೈ ಒರೆಸಿಕೊಳ್ತಾ, "ಏನ್ರೀ, ಏನು ಬೇಕಿತ್ತು —"