ನೀರಿನಡಿಯ ಗದ್ದೆಗೆ ಬಯಕೆಯೂಟ

ತುಮರಿ
ಅಕ್ಟೋಬರ್ ೮, ೨೦೨೫

ಪ್ರೀತಿಯ ಅಪ್ಪಯ್ಯಾ,

ನಿನ್ನ ಸೊಂಟನೋವು ಹೇಗಿದೆ? ಬೋಟಿಗೆ ಐಸ್ ಹೊತ್ತ ದಿನ ತಪ್ಪದೆ ಎಣ್ಣೆ ಹಚ್ಚಿಕೊಂಡು ಮಲಗಬೇಕಂತೆ, ಅಜ್ಜಿ ಎರಡೆರಡು ಸಲ ಹೇಳಿ ಬರೆಸಿದ್ದಾಳೆ. ಅವಳು ಗಟ್ಟಿಯಾಗಿದ್ದಾಳೆ. ಅಂಗೈಯ ಬೊಬ್ಬೆ ಬಿಟ್ಟರೆ ನಾನೂ ಆರಾಮ. ಫೋನ್ ಮಾಡಿದರೆ ನೀನು ‘ಹ್ಞೂಂ, ಇಡ್ತೀನಿ’ ಎಂದುಬಿಡುತ್ತೀಯ, ಅದಕ್ಕೇ ಮಲ್ಪೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಶಾಲೆ ಬಿಟ್ಟವನ ಅಕ್ಷರ, ತಾಳ್ಮೆಯಿಂದ ಓದು.

ಭೂಮಿ ಹುಣ್ಣಿಮೆಗೆ ನೀನು ಬರುವುದಿಲ್ಲ ಎಂದರೂ ಅಜ್ಜಿ ಹಬ್ಬ ಬಿಡಲಿಲ್ಲ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಕಡುಬು ಬೇಯಿಸಿದಳು. ಬಸುರಿ ಭೂಮಿಗೆ ಬಯಕೆಯೂಟದ ಚರಗ ಬೀರಲು ಊರವರೆಲ್ಲ ತಮ್ಮ ತಮ್ಮ ಗದ್ದೆಗೆ ನಡೆದು ಹೋದರೆ, ನಮ್ಮನೆಯ ಚರಗ ಮಾತ್ರ ದೋಣಿಯಲ್ಲಿ ಹೋಗಬೇಕಲ್ಲ, ಅಣೆಕಟ್ಟಾದಾಗ ಹಿನ್ನೀರಿನಡಿ ಮುಳುಗಿದ ಅಜ್ಜನ ಗದ್ದೆಗೆ. ‘ಈ ವರ್ಷ ದಡದಲ್ಲೇ ಬೀರಿ’ ಎಂದೆ ನೀನು. ಸೇತುವೆಯಾಗಿ, ಜನ ಲಾಂಚ್ ಹತ್ತುವುದು ನಿಂತು, ಲಾಂಚ್ ಕಟ್ಟೆಯ ನಿನ್ನ ಚಹಾದಂಗಡಿ ಮುಚ್ಚಿದ ಮೇಲೆ ನಿನಗೆ ಈ ನೀರಿನ ಮೇಲೇ ಸಿಟ್ಟು. ದೋಣಿಯನ್ನು ಹೋಂಸ್ಟೇ ತೀರ್ಥೇಶಣ್ಣನಿಗೆ ಕೊಟ್ಟುಬಿಡು ಎಂದದ್ದೂ ಅದಕ್ಕೇ ಇರಬೇಕು. ಅವನು ಅದಕ್ಕೆ ಮಣ್ಣು ತುಂಬಿ ಅಂಗಳದಲ್ಲಿ ಹೂಗಿಡ ನೆಡುತ್ತಾನಂತೆ. ಕೇಳಿದಾಗಿನಿಂದ ನನಗೆ ಅನ್ನ ರುಚಿಸಿರಲಿಲ್ಲ.

ಅಷ್ಟು ದೂರ ಒಬ್ಬನೇ ಹುಟ್ಟು ಹಾಕುವುದು ಆಗದ ಮಾತು. ಹಾಗಾಗಿ ದೋಣಿಯಲ್ಲಿ ಬಿದಿರು ನಿಲ್ಲಿಸಿ, ಗೊಬ್ಬರದ ಚೀಲ ಬಿಚ್ಚಿ ಹೊಲಿದು ಹಾಯಿ ಕಟ್ಟಿದೆ. ದಬ್ಬಣ ಹಿಡಿದವಳು ಅಜ್ಜಿಯೇ, ಬೈಯುತ್ತಲೇ ಹೊಲಿದಳು. ಮೊನ್ನೆ ಬೆಳಗಿನ ಮೂಡುಗಾಳಿಗೆ ಹಾಯಿ ಉಬ್ಬಿದ್ದೇ ತಡ, ಕರು ಬಿಚ್ಚಿದ ಹಾಗೆ ಹೊರಟಿತು ದೋಣಿ. ದಡದ ಗುಂಟವೇ ಹೋದೆ. ಒಮ್ಮೆ ನೀರೊಳಗಿನ ಒಣಮರದ ಬೊಡ್ಡೆಗೆ ತಾಗಿ ವಾಲಿತು. ಬುಟ್ಟಿಯನ್ನು ಅವುಚಿಕೊಂಡು ಕೂತೆ. ಹೆದರಲಿಲ್ಲ ಎಂದು ಬರೆಯಲಾರೆ. ಆದರೆ ಶಾಲೆಯ ಬೆಂಚಿನ ಮೇಲೆ ಗಳಿಗೆ ಕೂರಲಾಗದಿದ್ದವನು ಆ ಹಲಗೆಯ ಮೇಲೆ ಅಲುಗದೆ ಕೂತಿದ್ದೆ, ಅದೂ ನಿಜ. ಪ್ರತಿವರ್ಷ ನೀನು ಹುಟ್ಟು ಎತ್ತಿ ಸುಮ್ಮನಾಗುವ ಜಾಗ ಇದೇ ಅನ್ನಿಸಿದಲ್ಲಿ ಹಾಯಿ ಇಳಿಸಿ ಚರಗ ಬೀರಿದೆ. ಗುರುತು ನಿನಗೆ ಅಜ್ಜ ತೋರಿಸಿಕೊಟ್ಟಿದ್ದರು, ನೀನು ನನಗೆ ಹೇಳಿರಲಿಲ್ಲ. ಆಮೇಲೆ ಪಡುಗಾಳಿ ಏಳುವವರೆಗೆ ನಡುಗುಡ್ಡೆಯಲ್ಲಿ ಕಾದು, ಅದೇ ಹಾಯಿಯಲ್ಲಿ ಮರಳಿದೆ.

ದಡದಲ್ಲಿ ಕಾಯುತ್ತಿದ್ದ ಅಜ್ಜಿ ಕೇಳಿದ್ದು ಒಂದೇ, ಅಲ್ಲಿ ಎದುರಿಗೆ ಯಾವ ಗುಡ್ಡ ಕಂಡಿತು ಎಂದು. ನನಗೇ ಖಾತ್ರಿಯಿಲ್ಲದಿದ್ದರೂ ಸರಿಯಾದ ಜಾಗವೇ ಎಂದು ಸಾಧಿಸಬಹುದಿತ್ತು, ನೋಡಿದವರು ಯಾರೂ ಇರಲಿಲ್ಲ. ಸುಳ್ಳಿಗೆ ಬಾಯಿ ಬರಲಿಲ್ಲ. ಬೋಳುಗುಡ್ಡ ಎಂದೆ. ಅಜ್ಜಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ‘ಅಯ್ಯೋ ಮಾರಾಯ, ಅದು ಸುಬ್ಬಪ್ಪನ ಗದ್ದೆ ಕಣೋ. ಬದು ಒತ್ತಿದ ಅಂತ ನಿಮ್ಮಜ್ಜ ಸಾಯೋವರೆಗೂ ಅವ್ನ ಹತ್ರ ಮಾತಾಡ್ಲಿಲ್ಲ.’ ನನ್ನ ಮುಖ ಸಣ್ಣದಾಯಿತು. ಅದನ್ನು ನೋಡಿ ಮೆಲ್ಲಗೆ ಅಂದಳು, ‘ಅವ್ನ ಮಕ್ಳು ಊರು ಬಿಟ್ರು, ಆ ಗದ್ದೆಗೆ ಉಣ್ಸೋರು ಯಾರಿದ್ದಾರೆ. ಉಣ್ಲಿ ಬಿಡು.’ ಖಾಲಿ ಬುಟ್ಟಿ ಎತ್ತಿಕೊಂಡು ಎರಡು ಹೆಜ್ಜೆ ನಡೆದವಳು ತಿರುಗಿ ನೋಡಿದಳು. ‘ನಮ್ದು ಹಸ್ಕಂಡೇ ಇದೆ.’

ಅಜ್ಜಿಯ ಆಶೀರ್ವಾದ, ನನ್ನ ನಮಸ್ಕಾರ. ಸಮುದ್ರದಲ್ಲಿ ಜೋಪಾನ.

ನಿನ್ನ ಮಗ,
ಪೂರ್ಣೇಶ

ಮತ್ತೆ: ಮುಖ್ಯ ವಿಷಯವೇ ಉಳಿಯಿತು. ನಿನ್ನೆ ತೀರ್ಥೇಶಣ್ಣ ಪಿಕಪ್ ತಂದಿದ್ದ. ನಿನ್ನ ಮಾತು ಮೀರಿದೆ, ದೋಣಿ ಕೊಡಲಿಲ್ಲ, ಬೈಯುವುದಿದ್ದರೆ ನನಗೇ ಬೈ. ಹುಣ್ಣಿಮೆ ಕಳೆದರೂ ಹಸಿವು ಕಳೆಯುವುದಿಲ್ಲ ಎನ್ನುತ್ತಾಳೆ ಅಜ್ಜಿ, ಮತ್ತೆ ಬುಟ್ಟಿ ತುಂಬುತ್ತಾಳಂತೆ. ನಮ್ಮ ಗದ್ದೆಯ ಎದುರಿನ ಗುಡ್ಡ ಯಾವುದೆಂದು ಅವಳಿಗೆ ಗೊತ್ತು, ಆದರೆ ಹೇಳುತ್ತಿಲ್ಲ. ‘ನಿಮ್ಮಪ್ಪಯ್ಯನೇ ಬಂದು ತೋರಿಸ್ಲಿ’ ಅಂತಾಳೆ. ಕಟ್ಟಿದ ಹಾಯಿ ಇನ್ನೂ ಬಿಚ್ಚಿಲ್ಲ.