ಹುಲಿಗೆಪ್ಪನ ತಾಳ್ಮೆ ಕೆಡಿಸಿದವನು

ಪುಣೆ, ಮಂಗಳವಾರ

ಮುದ್ದಿನ ಸುರಭಿ,

ತಂಗಿಯ ಮಗಳಿಗೆ ಸೋದರಮಾವ ಬರೆಯುವ ಪತ್ರ ಆಶೀರ್ವಾದದಿಂದ ಶುರುವಾಗಬೇಕು. ಇದು ತಪ್ಪೊಪ್ಪಿಗೆಯಿಂದ ಶುರುವಾಗುತ್ತಿದೆ. ಅಂಬಾದಾಸ ಎಂಬ ನಾನು, ಹಾಸ್ಯ ಲೇಖಕ, ತಲೆಮಾರುಗಳಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದ ಕುಡಿ, ನಿನ್ನ ಲ್ಯಾಬಿನ ಬಕೆಟ್ಟಿನಿಂದ ಜೀವಂತ ಸಿಗಡಿಗಳನ್ನು ಕದ್ದಿದ್ದೇನೆ. ಒಂದು ಸಲವಲ್ಲ, ಭಾನುವಾರ ಬಂದಾಗಲೆಲ್ಲ. ತಿಂದದ್ದು ನಾನಲ್ಲ. ನಾನೇ ತಿಂದಿದ್ದರೆ ಅಪರಾಧ ಇಷ್ಟು ದೊಡ್ಡದಾಗುತ್ತಿರಲಿಲ್ಲ.

ತಿಂದವನು ಹುಲಿಗೆಪ್ಪ. ಮೈಮೇಲೆ ಪಟ್ಟೆ ಎಬ್ಬಿಸಿಕೊಂಡು ಗಾಜಿನ ಹತ್ತಿರ ಬಂದು ನಿಲ್ಲುವ ನಿನ್ನ ಕಟಲ್ ಫಿಶ್‌ಗೆ ಆ ಹೆಸರಿಟ್ಟವನೂ ನಾನೇ. ಅದು ಹೆಸರಿಗಷ್ಟೇ ಮೀನು, ಬಳಗ ಶಂಖ ಚಿಪ್ಪುಗಳದ್ದು ಎಂದು ನೀನು ವಿವರಿಸಿದಾಗ, ನಿಮ್ಮ ಮಾಮಾನೂ ಹೆಸರಿಗಷ್ಟೇ ಲೇಖಕ ಎಂದಿದ್ದೆ. ನೀನು ನಕ್ಕಿದ್ದೆ. ಮೂರು ಹೃದಯ, ನೀಲಿ ರಕ್ತ. ಕಣ್ಣಿಗೆ ಬಣ್ಣವೇ ಗೊತ್ತಾಗದು, ಆದರೂ ನೆಲದ ಬಣ್ಣಕ್ಕೆ ತಕ್ಕಂತೆ ಮೈ ಬದಲಿಸುತ್ತಾನೆ. ಸಮುದ್ರವಿಲ್ಲದ ಪುಣೆಯಲ್ಲಿ ನೀರಿಗೆ ಉಪ್ಪು ಬೆರೆಸಿ ಸಮುದ್ರ ಮಾಡಿಕೊಂಡು, ಅವನಿಗೆ ಕಾಯುವುದನ್ನು ಕಲಿಸಿದವಳು ನೀನು. ಒಂದು ಖಾನೆಯಲ್ಲಿ ಸತ್ತ ಸಿಗಡಿಯ ತುಂಡು, ಅದರ ಬಾಗಿಲು ಕೂಡಲೇ ತೆರೆಯುತ್ತದೆ. ಇನ್ನೊಂದರಲ್ಲಿ ಅವನಿಗೆ ಪ್ರಾಣವಾದ ಜೀವಂತ ಸಿಗಡಿ, ಅದು ತಡವಾಗಿ ತೆರೆಯುತ್ತದೆ. ತುಂಡು ಮುಟ್ಟಿದರೆ ಜೀವಂತದ್ದು ಕೈತಪ್ಪಿತು. ಹುಲಿಗೆಪ್ಪ ತುಂಡಿನಿಂದ ಮುಖ ತಿರುಗಿಸಿ ಕಾಯುತ್ತಿದ್ದ. ಪುಣೆಯ ಸಿಗ್ನಲ್ಲಿನಲ್ಲಿ ಅಂಥ ತಾಳ್ಮೆಯ ಪ್ರಾಣಿಯನ್ನು ನಾನು ಕಂಡಿಲ್ಲ.

ಭಾನುವಾರ ಗದ್ದಲವಿರುವುದಿಲ್ಲವೆಂದು ನೀನು ಅಂದೇ ಪ್ರಯೋಗ ಮಾಡುತ್ತಿದ್ದೆ. ನಿನ್ನ ಅತ್ತೆ ಕಟ್ಟಿಕೊಟ್ಟ ರೊಟ್ಟಿ, ಎಣಗಾಯಿ ಹೊತ್ತು ನಾನು ಬರುತ್ತಿದ್ದೆ. ಪ್ರಯೋಗ ಮುಗಿಸಿ ನೀನು ಒಳಗೆ ಕಂಪ್ಯೂಟರಿನ ಮುಂದೆ ಕೂತಾಗ, ನಾನು ತೊಟ್ಟಿಯ ಮುಂದೆ ಕೂತು ನನ್ನ ಪಾಲಿನ ರೊಟ್ಟಿ ಮುರಿಯುತ್ತಿದ್ದೆ. ಅವನು ನೋಡುತ್ತಿದ್ದ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು: ಎದುರಿಗಿದ್ದವರಿಗೆ ಕೊಡದೆ ಬಾಯಿಗೆ ತುತ್ತಿಡಬಾರದು. ನಿಮ್ಮ ಅಜ್ಜಿ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಉಂಡಿ ಕೊಟ್ಟೇ ತಾನು ತಿನ್ನುತ್ತಿದ್ದಳು. ಹುಲಿಗೆಪ್ಪನಿಗೆ ರೊಟ್ಟಿ ಆಗದು. ಸಣ್ಣ ಬಲೆಯಲ್ಲಿ ಒಂದು ಸಿಗಡಿ ಎತ್ತಿ ತೊಟ್ಟಿಗೆ ಬಿಟ್ಟೆ. ಮೊದಲ ಸಲ ಬೆದರಿ ಮಸಿ ಕಾರಿದ, ನೀರೆಲ್ಲ ಕಪ್ಪಾಯಿತು. ನೀನು ಓಡಿ ಬಂದಾಗ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಕಡೆ ಏನೋ ಢಂ ಅಂದಿತೆಂದು ಸುಳ್ಳು ಹೇಳಿದೆ. ಪಾಪ, ನೀನು ನಂಬಿದೆ. ಮುಂದಿನ ಭಾನುವಾರದಿಂದ ಅವನೂ ಬೆದರಲಿಲ್ಲ, ನಾನೂ ಬೆದರಲಿಲ್ಲ. ನಮ್ಮದು ಸಹಪಂಕ್ತಿ ಭೋಜನ.

ಮೊನ್ನೆ ನಮ್ಮ ಮನೆಗೆ ಬಂದ ನೀನು ಊಟದ ತಟ್ಟೆಯನ್ನು ಅತ್ತ ಸರಿಸಿದೆ. ಆಮೇಲೆ ಅಂದೆ: “ಹುಲಿಗೆಪ್ಪಗ ವಯಸ್ಸಾತು ಮಾಮಾ. ಕಾಯೋದು ಮರತಾನ. ತುಂಡು ಕಂಡ ಕೂಡ್ಲೆ ತಿಂದುಬಿಡ್ತಾನ.” ಪ್ರಯೋಗದಲ್ಲಿ ನೀನೇ ಎಲ್ಲೋ ಎಡವಿದ್ದೀ ಎಂದು ನಿಮ್ಮ ಗೈಡ್ ಹೇಳಿದರಂತೆ. “ನಾ ತಪ್ಪಿಲ್ಲ. ವಯಸ್ಸಾದ್ರ ತಾಳ್ಮಿ ಹೋಗ್ತದ ಅಂತ ಗುರುವಾರ ಎಲ್ಲಾರ ಮುಂದ ನಿಂತು ಹೇಳಾಕಿ. ನನ್ನ ಪಿಎಚ್‌ಡಿ ಇದರ ಮ್ಯಾಲೇ ನಿಂತದ.” ಅಷ್ಟೊತ್ತಿಗೆ ನನಗೆ ಎಲ್ಲ ತಿಳಿದುಹೋಗಿತ್ತು. ಆದರೂ ಶಾಬಾಸ್ ಅಂದೆ. ನಿನ್ನ ಪ್ರಬಂಧಕ್ಕೆ ಒಂದು ಚುಟುಕು ಶೀರ್ಷಿಕೆಯನ್ನೂ ಸೂಚಿಸಿದೆ. ಅದನ್ನು ನೆನೆದರೆ ಈಗ ತಲೆ ಎತ್ತಲಾಗುತ್ತಿಲ್ಲ.

ಅವನು ಏನನ್ನೂ ಮರೆತಿಲ್ಲ, ಸುರಭಿ. ಹೊಸದನ್ನು ಕಲಿತಿದ್ದಾನೆ. ಮೊದಲು ತುಂಡು ತಿನ್ನು, ಜೀವಂತದ್ದನ್ನು ಆಮೇಲೆ ಈ ಬಕ್ಕತಲೆಯವನು ಕೊಡುತ್ತಾನೆ ಎಂದು. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು, ಲೆಕ್ಕದಲ್ಲಿ ನಾನಿರಲಿಲ್ಲ ಅಷ್ಟೆ. ಅವನು ಮಸಿ ಕಾರುವುದು ಜೀವ ಉಳಿಸಿಕೊಳ್ಳಲು. ನಾನು ಇಷ್ಟು ವರ್ಷ ಮಸಿ ಖರ್ಚು ಮಾಡಿದ್ದೂ ಹಾಗೆಯೇ. ಇಕ್ಕಟ್ಟು ಬಂದಾಗಲೆಲ್ಲ ಒಂದು ನಗೆಚಟಾಕಿ ಚೆಲ್ಲಿ ಹಿಂದಿನಿಂದ ಜಾರಿಕೊಂಡಿದ್ದೇನೆ. ಈ ಸಲದ ಮಸಿ ಮೆತ್ತಿದ್ದು ನಿನ್ನ ಮುಖಕ್ಕೆ. ಎಲ್ಲರೆದುರು ನಿಂತು, ತಪ್ಪೆಂದು ತಿಳಿಯದೆ, ನೀನು ಸುಳ್ಳನ್ನು ಸತ್ಯವೆಂದು ವಾದಿಸುವುದನ್ನು ನಾನು ನೋಡಲಾರೆ.

ಆದ್ದರಿಂದ ಗುರುವಾರ ಆ ಮಾತು ಆಡಬೇಡ. ಮೊದಲು ಈ ಪತ್ರವನ್ನು ನಿಮ್ಮ ಗೈಡ್‌ಗೆ ತೋರಿಸು. ಕರೆದರೆ ಬಂದು ಅವರೆದುರು ನಿಲ್ಲುತ್ತೇನೆ, ತಮಾಷೆ ಮಾಡುವುದಿಲ್ಲ. ಮತ್ತೆ ಶುರುಮಾಡಬೇಕಾದರೆ ನಿನ್ನ ಎಷ್ಟು ದಿನ ಹಾಳಾದವೋ ಕೇಳುವ ಧೈರ್ಯ ನನಗಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ನಾಳೆ ಅತ್ತೆ ಇದನ್ನು ತಂದುಕೊಡುತ್ತಾಳೆ. ಒಂದು ಮಾತನ್ನಾದರೂ ನನ್ನ ಪರವಾಗಿ ನೆನಪಿಟ್ಟುಕೋ: ಯಾರೂ ಹೇಳಿಸದೆ, ನನ್ನ ಮನಸ್ಸಾಕ್ಷಿಯೊಂದೇ ಎಬ್ಬಿಸಿ ಕೂರಿಸಿ ಇಷ್ಟನ್ನು ಬರೆಸಿತು.

ನಿನ್ನ ಕಷ್ಟ ನಿನಗೆ ಫಲವಾಗಿ ಬರಲಿ, ಅದರ ನಡುವೆ ನನ್ನಂಥ ಬಂಧುಗಳು ಬಾರದಿರಲಿ.

ನಿನ್ನ ಮುಂದೆ ಮುಖವಿಲ್ಲದ,
ಅಂಬಾದಾಸ ಮಾಮಾ

ತಾ.ಕ.: ಮನಸ್ಸಾಕ್ಷಿಯ ಮಾತು ಸುಳ್ಳು. ನನ್ನ ಅಂಗಿಯ ತೋಳಿಗೆ ಹತ್ತಿದ ನಾತದ ಜಾಡು ಹಿಡಿದು ಅತ್ತೆ ಎಲ್ಲ ಬಾಯಿ ಬಿಡಿಸಿದಳು. “ಡಬ್ಯಾಗ ನಿನ್ನಿ ಹೋಳಗಿ ಅದಾವ, ಮುಟ್ಟಬ್ಯಾಡ್ರಿ. ಪತ್ರ ಮುಗಿಸ್ರಿ, ಬಿಸಿದು ಮಾಡಿ ಕೊಡತೀನಿ” ಎಂದು ಹೇಳಿ ಒಳಗೆ ಹೋದಳು. ಎರಡನೇ ಪುಟದ ಮೇಲಿನ ಕಲೆಯನ್ನು ಕಣ್ಣೀರು ಎಂದುಕೊಳ್ಳಬೇಡ, ಮಗಳೇ. ಅದು ತುಪ್ಪ.