ಪ್ಲೇಟಿನೊಳಗಿನ ಕರು

ದರ್ಬೆ, ಪುತ್ತೂರು
೧೧-೧-೧೯೬೧

ಬಾಣಂತಿ ಕೋಣೆಯಲ್ಲಿ ಮಹಾರಾಣಿಯಂತೆ ಮಲಗಿರುವ ಶೀಲಾವತಿಗೆ, ದರ್ಬೆಯ ಸಂಗೀತ ವಿಮರ್ಶಕನಾದ ನಿನ್ನ ಗಂಡನ ತಲೆತಗ್ಗಿಸಿದ ಆಶೀರ್ವಾದ.

ಸುಳ್ಯದಲ್ಲಿ ನೀನೂ ಕೂಸೂ ಕ್ಷೇಮವೆಂದು ತಿಳಿಯಿತು. ನಾನು ಕ್ಷೇಮವಲ್ಲ. ದೇಹಕ್ಕೇನೂ ಆಗಿಲ್ಲ, ಎರಡು ಹೊತ್ತೂ ಸರಿಯಾಗಿ ಉಣ್ಣುತ್ತಿದ್ದೇನೆ. ಆಗಿರುವುದು ಮಾನಕ್ಕೆ.

ಭಾನುವಾರ ತೊಟ್ಟಿಲು ಹಾಕುವಾಗ ನಿನ್ನ ಅಪ್ಪ, ಅಂದರೆ ನಮ್ಮ ಬೋಜಪ್ಪ ಮಾವ, ಮೊಯ್ದಿನಬ್ಬರ ಮೈಕ್ ಸೆಟ್ ತರಿಸಿ, ಹಲಸಿನ ಮರಕ್ಕೆ ಹಾರ್ನ್ ಕಟ್ಟಿಸಿ, ನಾನು ಮದರಾಸಿನಲ್ಲಿ ಪಿಟೀಲು ನುಡಿಸಿ ಬಂದ ಆ ಸಿನೆಮಾ ಹಾಡಿನ ಗ್ರಾಮಫೋನ್ ಪ್ಲೇಟನ್ನು ಊರಿಗೆಲ್ಲ ಕೇಳಿಸುತ್ತಾರಂತೆ. ಹೇಗಾದರೂ ತಪ್ಪಿಸು.

ಆ ಹಾಡಿನ ನಡುವೆ ಒಂದು ಪಿಟೀಲು ಅಳುತ್ತದಲ್ಲ, ಕೇಳಿ ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆಯಲ್ಲ, ಅದು ನನ್ನದಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕರದು. ಒಂದೇ ಸಲಕ್ಕೆ ನುಡಿಸಿ, ಕಮಾನು ಒರೆಸಿ, ಕಾಫಿ ಕುಡಿದು ಹೋದರು. ನನ್ನದು ಹಾಡಿನ ಕೊನೆಯ ಕರುವಿನ ಕೂಗು. ನಾಯಕಿ ಕೊಟ್ಟಿಗೆಗೆ ಬಂದಾಗ ‘ಅಂಬಾ’ ಎನ್ನುವ ಆ ಪ್ರಾಣಿ ನಿನ್ನ ಗಂಡ. ಸ್ಟುಡಿಯೋಕ್ಕೆ ನಿಜವಾದ ಕರುವನ್ನೇ ತಂದಿದ್ದರು. ಅದಕ್ಕೆ ಸ್ವಾಭಿಮಾನ ಇತ್ತು, ಬಾಯಿ ಬಿಡಲಿಲ್ಲ. ಪಿಟೀಲಿನವರಲ್ಲಿ ಯಾರಿಗಾದರೂ ಆ ಕೂಗನ್ನು ತಂತಿಯ ಮೇಲೆ ಎಳೆಯಲು ಬರುತ್ತದೆಯೇ ಎಂದು ನಿರ್ದೇಶಕರು ಕೇಳಿದರು. ಕೈ ಎತ್ತಿದವನು ನಾನೊಬ್ಬನೇ.

ಸುಳ್ಳು ಹುಟ್ಟಿದ್ದು ನಿಮ್ಮ ಜಗಲಿಯಲ್ಲಿ. ಪ್ಲೇಟಿನಲ್ಲಿ ಆ ಪಿಟೀಲು ಅಳುತ್ತಿದ್ದಾಗ ಮಾವ, “ಇದು ನೀವೇ ಅಲ್ವಾ ಅಳಿಯಂದಿರೆ? ಎಂತ ಕೈ ಮಾರಾಯ್ರೆ” ಎಂದರು. ನಾನು ಹೌದೆನ್ನಲಿಲ್ಲ. ಕಣ್ಣು ಮುಚ್ಚಿ ಮುಗುಳ್ನಕ್ಕೆ. ಮೊಯ್ದಿನಬ್ಬರು ಮಾತ್ರ ಪ್ಲೇಟನ್ನು ತಿರುಗಿಸಿ ನೋಡಿ, “ಇವರ ಹೆಸರು ಇದರಲ್ಲಿ ಎಲ್ಲುಂಟು?” ಎಂದು ಕೇಳಿದರು. “ಅಡಿಗೆಯವನ ಹೆಸರು ಬಾಳೆಲೆಯಲ್ಲಿ ಬರೀತಾರಾ? ನೀವು ಸುಮ್ನೆ ಕೇಳಿ” ಎಂದು ಮಾವ ಅವರ ಬಾಯಿ ಮುಚ್ಚಿಸಿದರು.

ನಾನು ಪ್ರತಿ ವಾರ ಪತ್ರಿಕೆಯಲ್ಲಿ ಗುಡುಗುವುದೂ ಇದನ್ನೇ. ಲೇಬಲ್ಲಿನಲ್ಲಿ ಕಂಪೆನಿಯ ಹೆಸರುಂಟು, ಹಾಡಿದವರ ಹೆಸರುಂಟು. ನುಡಿಸಿದವರು ಕೂಲಿ ಪಡೆದು ಹಿಂಬಾಗಿಲಿನಿಂದ ಹೋಗುತ್ತಾರೆ ಎಂದು ಬರೆದು ಭೇಷ್ ಎನ್ನಿಸಿಕೊಂಡವನು ನಾನು. ಕಂಪೆನಿ ಆ ಮುದುಕರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿತು, ಅಷ್ಟೇ. ಅಲ್ಲಿ ಹೋಗಿ ಚಕ್ಕಳಮಕ್ಕಳ ಹಾಕಿ ಕೂತವನು ನಾನು. ಅವರ ಹೆಸರೇನೆಂದು ನಾನೂ ಕೇಳಲಿಲ್ಲ, ಶೀಲಾ.

ಜಗಲಿಯಲ್ಲಿ ಮುಗುಳ್ನಗೆಯಾಗಿದ್ದದ್ದು ಹಾರ್ನಿನಲ್ಲಿ ಬಂದರೆ ಕಳ್ಳತನ. ಕೂಸಿನ ತೊಟ್ಟಿಲಿನ ಮುಂದೆ ಅದು ಬೇಡ. ಪ್ಲೇಟನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಅಡಗಿಸು. ಶನಿವಾರ ಬಂದು ಮಾವನಿಗೆ ನಾನೇ ಎಲ್ಲ ಹೇಳುತ್ತೇನೆ. ಹೆದರಿಕೆ ಇಲ್ಲ.

ಮುಖ ತೋರಿಸಲು ನಾಚುವ ನಿನ್ನ
ಕೃಷ್ಣಮೋಹನ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಮಾವನೇ ಬಂದರು, ಪೇಟೆಯಲ್ಲಿ ಕೆಲಸವಿತ್ತಂತೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. “ಪ್ಲೇಟು ಬೇಡ ಅಳಿಯಂದಿರೆ, ಮೈಕಿನ ಮುಂದೆ ನೀವೇ ಕೂತು ಆ ಅಳುವ ಭಾಗವನ್ನು ನುಡಿಸಿ. ಊರಿನವರಿಗೆ ಹೇಳಿ ಆಗಿದೆ” ಎಂದರು. ಆಗಲಿ ಎಂದುಬಿಟ್ಟೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂತಿದ್ದೇನೆ. ಎಷ್ಟು ಎಳೆದರೂ ಕರುವೇ ಬರುತ್ತಿದೆ.